ಹತ್ತು ಪಾಲಿನ ಮದ್ದಲೆ

(ಸಂಘದ ರಜತ ಮಹೋತ್ಸವದ ಎರಡನೆಯ ದಿನ ಸಂಜೆಯ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣ ಮಾಡಿ ಅಭ್ಯಾಸ ಇರುವವನಲ್ಲ. ಓದಿದ್ದು ಎಸ್.ಎಸ್.ಎಲ್.ಸಿ. ಮಾಡುವುದು ಬೇಸಾಯ, ಹಟ್ಟಿಯಲ್ಲಿ ಐದು ದನ. ನಿನ್ನೆಯ ಸಭೆಯಲ್ಲಿ ಹಾಲಿನ ಲೀಟರು, ಫ್ಯಾಟು, ಬೋನಸ್ಸಿನ ವಿಷಯ ಎಲ್ಲ ಬಂದಿದೆ. ಇವತ್ತು ಅಧ್ಯಕ್ಷರು, "ನಮ್ಮ ಶನಿವಾರದ ಕೂಟದ ಬಗ್ಗೆ ನೀವು ನಾಲ್ಕು ಮಾತು ಹೇಳಿ" ಎಂದು ಅಪ್ಪಣೆ ಮಾಡಿದ್ದಾರೆ. ಹಾಲಿನ ಸಂಘದ ಸಭೆಯಲ್ಲಿ ಮದ್ದಲೆಯ ಮಾತು ಎಂತಕ್ಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಳೆದ ಮಹಾಸಭೆಯಲ್ಲಿ ಸದಸ್ಯರೊಬ್ಬರು ಎದ್ದು ನಿಂತು ಇದನ್ನೇ ಕೇಳಿದ್ದರು. ಅವರು ಕೇಳಿದ್ದು ತಪ್ಪಲ್ಲ. ಅವತ್ತು ಸಮಯ ಇರಲಿಲ್ಲ, ಉತ್ತರ ಕೊಟ್ಟಿರಲಿಲ್ಲ. ಇವತ್ತು ಕೊಡುತ್ತೇನೆ.

ಮೊದಲು ಒಂದು ವಿಷಯ. ಶಾಸ್ತ್ರೀಯ ಸಂಗೀತ ಅಂದ ಕೂಡಲೇ ನಮಗೆ ಪಿಟೀಲು, ಮೃದಂಗ, ಜರಿ ಶಾಲು, ಪಟ್ಟಣದ ಸಭಾಭವನ ಕಣ್ಣಿಗೆ ಬರುತ್ತದೆ. ಗದ್ದೆ ಕೆಲಸ ಮಾಡುವವನಿಗೆ ಅದು ದೂರದ ಮಾತು ಅನ್ನಿಸುತ್ತದೆ. ಆದರೆ ನಮ್ಮ ಯಕ್ಷಗಾನದ ಹಿಮ್ಮೇಳಕ್ಕೆ ಶಾಸ್ತ್ರ ಇಲ್ಲವೇ? ಝಂಪೆಗೆ ಹತ್ತು ಅಕ್ಷರ, ತ್ರಿವುಡೆಗೆ ಏಳು. ಅದರಲ್ಲಿ ಒಂದು ತಪ್ಪಿದರೂ ಭಾಗವತರು ತಿರುಗಿ ನೋಡುತ್ತಾರೆ. ನಾಟಿ, ಭೈರವಿ, ಸಾವೇರಿ, ಮಧ್ಯಮಾವತಿ, ಮೋಹನ ಎಂಬ ಹೆಸರುಗಳನ್ನು ನಮ್ಮ ಹಿರಿಯರಲ್ಲಿ ಸಹಿ ಹಾಕಲು ಬಾರದವರೂ ಬಲ್ಲರು. ಕೇಳಿದ ಕೂಡಲೇ ಇದು ಇಂಥ ರಾಗ ಎಂದು ಹೇಳುತ್ತಿದ್ದರು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು ಈ ಕಲೆಯ ಬೆನ್ನು ಹತ್ತಿ ಊರೂರು ತಿರುಗಿದರು. ಅವರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮ ಅಂಗಳದ ಆಟಕ್ಕೂ ವಿದ್ವಾಂಸರು ಕೂತು ಓದುವಷ್ಟು ಶಾಸ್ತ್ರ ಉಂಟು ಎಂದು ಅದರಿಂದ ಹೊರಗಿನವರಿಗೆ ಗೊತ್ತಾಯಿತು.

ಈ ಶಾಸ್ತ್ರವನ್ನು ಉಳಿಸಿದವರಲ್ಲಿ ದೊಡ್ಡ ಹೆಸರಿನವರು ನಮ್ಮ ಸುತ್ತಮುತ್ತಲೇ ಇದ್ದರು. ಭಾಗವತ ನಾರ್ಣಪ್ಪ ಉಪ್ಪೂರರು ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಗುರುಗಳಾಗಿ ಎಷ್ಟೋ ಮಂದಿಯನ್ನು ತಯಾರು ಮಾಡಿದರು. ಮದ್ದಲೆಯ ಹಿರಿಯಡಕ ಗೋಪಾಲ ರಾಯರು ನೂರು ವರ್ಷ ದಾಟಿ 2020ರಲ್ಲಿ ತೀರಿಕೊಂಡರು. ಅಮೆರಿಕದಿಂದ ಬಂದ ಮಾರ್ತಾ ಆಶ್ಟನ್ ಅವರು ಗೋಪಾಲ ರಾಯರಲ್ಲಿ ಕಲಿತು ಇಂಗ್ಲಿಷಿನಲ್ಲಿ ಯಕ್ಷಗಾನದ ಗ್ರಂಥ ಬರೆದರು. ಗುಂಡ್ಮಿಯ ಕಾಳಿಂಗ ನಾವಡರನ್ನು ಇಲ್ಲಿ ಯಾರಿಗೂ ಹೊಸದಾಗಿ ಪರಿಚಯ ಮಾಡಬೇಕಾಗಿಲ್ಲ. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಅವರು ಹೋದಾಗ ವಯಸ್ಸು 32 ತುಂಬಿರಲಿಲ್ಲ. ನಾನು ಆಗ ಸಣ್ಣ ಮಾಣಿ. ನಮ್ಮ ಮನೆಯಲ್ಲಿ ಅವತ್ತು ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ ಎಂಬುದು ನೆನಪುಂಟು.

ಆದರೆ ನಾನು ಇವತ್ತು ಹೇಳಲು ಬಂದಿರುವುದು ದೊಡ್ಡವರ ವಿಷಯ ಅಲ್ಲ. ಹೆಸರಿಲ್ಲದ ಹವ್ಯಾಸಿಗಳ ವಿಷಯ. ಯಾವ ಮೇಳಕ್ಕೂ ಸೇರದೆ, ಸಂಬಳ ಪಡೆಯದೆ, ಹಗಲು ಗದ್ದೆಯಲ್ಲೋ ದೋಣಿಯಲ್ಲೋ ದುಡಿದು ರಾತ್ರಿ ಕೂಡಿ ಹಾಡಿದವರು. ನಮ್ಮ ಕಡೆ ಊರಿಗೊಂದು ಇಂಥ ಕೂಟ ಇತ್ತು. ನಮ್ಮ ಊರಲ್ಲೂ ಇತ್ತು. ನಮ್ಮ ಅಪ್ಪಯ್ಯ ಆ ಕೂಟದ ಮದ್ದಲೆಗಾರ.

ನಮ್ಮಲ್ಲಿ ಮಳೆ ಅಂದರೆ ಹೇಗೆ ಎಂದು ನಿಮಗೆ ಹೇಳಬೇಕಾಗಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮೇಳಗಳೆಲ್ಲ ಮೇ ಕೊನೆಗೆ ಗೆಜ್ಜೆ ಬಿಚ್ಚುತ್ತವೆ. ಆಟ ಇಲ್ಲ. ಆಸಾಡಿಯಲ್ಲಿ ಕೈಯಲ್ಲಿ ದುಡ್ಡೂ ಇಲ್ಲ, ಕಣಜದಲ್ಲಿ ಅಕ್ಕಿಯೂ ತಳ ಕಂಡಿರುತ್ತದೆ. ಆ ದಿನಗಳಲ್ಲೇ ಕೂಟ ಜೋರು. ನಟ್ಟಿ ಮುಗಿಸಿ, ಮಿಂದು, ಗಂಜಿ ಉಂಡು, ಗೊರಬು ಹಾಕಿಕೊಂಡು ಒಬ್ಬೊಬ್ಬರೇ ನಮ್ಮ ಮನೆಗೆ ಬರುತ್ತಿದ್ದರು. ಕರೆಂಟು ಇರಲಿಲ್ಲ. ಚಿಮಣಿ ದೀಪಕ್ಕೆ ಸೀಮೆಎಣ್ಣೆ ಬೇಕು. ಅದು ರೇಶನ್ನಿನಲ್ಲಿ ಅಳತೆಯಲ್ಲಿ ಸಿಗುತ್ತಿದ್ದದ್ದು. ಹಾಗಾಗಿ ವಾರಕ್ಕೊಬ್ಬರಂತೆ ಸಣ್ಣ ಬಾಟ್ಲಿಯಲ್ಲಿ ಎಣ್ಣೆ ತರಬೇಕು ಎಂದು ಕಟ್ಟುಮಾಡು. ಎಣ್ಣೆ ಮುಗಿದರೆ ಕೂಟ ಮುಗಿಯಿತು. ಎಷ್ಟೋ ಸಲ 'ಕೃಷ್ಣ ಸಂಧಾನ'ದಲ್ಲಿ ಕೌರವನ ಉತ್ತರ ಬರುವ ಮೊದಲೇ ದೀಪ ಆರಿ, ಉಳಿದದ್ದು ಮುಂದಿನ ಶನಿವಾರಕ್ಕೆ.

ಮಳೆಗಾಲದಲ್ಲಿ ಮದ್ದಲೆಯ ಚರ್ಮ ಥಂಡಿ ಹಿಡಿದು ಶ್ರುತಿ ಇಳಿಯುತ್ತದೆ. ಅಪ್ಪಯ್ಯ ಅದನ್ನು ಅಡಿಗೆ ಒಲೆಯ ಮೇಲಿನ ಅಟ್ಟಕ್ಕೆ ತೂಗು ಹಾಕುತ್ತಿದ್ದರು. ಕೂಟದ ದಿನ ಸಂಜೆ ಇಳಿಸಿ, ಬಾರು ಎಳೆದು, ಪೆಟ್ಟು ಹಾಕಿ ಕಿವಿಗೊಟ್ಟು ನೋಡುತ್ತಿದ್ದರು. ಇಡೀ ದಿನ ನೇಗಿಲು ಹಿಡಿದ ಕೈ. ಬೆರಳು ದಪ್ಪ, ಕೆಸರಲ್ಲಿ ನೆನೆದು ಬಿರಿದ ಅಂಗೈ. ಮೊದಲ ಎರಡು ಪದ್ಯಕ್ಕೆ ನುಡಿತ ಸರಿ ಬರುತ್ತಿರಲಿಲ್ಲ. "ಕೈ ಬಿಸಿ ಆಯ್ಕ್" ಎನ್ನುತ್ತಿದ್ದರು. ಮೂರನೆಯ ಪದ್ಯದಿಂದ ಆ ಕೈ ಬೇರೆಯೇ ಆಗುತ್ತಿತ್ತು.

ನವರಾತ್ರಿ ಬಂದರೆ ಹೂವಿನಕೋಲು. ಈಗಿನ ಮಕ್ಕಳಲ್ಲಿ ಇದನ್ನು ನೋಡದವರು ಇದ್ದಾರೆ, ಅದಕ್ಕೆ ಹೇಳುತ್ತೇನೆ. ಒಬ್ಬ ಭಾಗವತ, ಒಬ್ಬ ಮದ್ದಲೆಗಾರ, ಶ್ರುತಿಗೊಬ್ಬ, ಜೊತೆಗೆ ಹೂ ಕಟ್ಟಿದ ಕೋಲು ಹಿಡಿದ ಇಬ್ಬರು ಮಕ್ಕಳು ಮನೆ ಮನೆಗೆ ಹೋಗುವುದು. ಚಾವಡಿಯಲ್ಲಿ ಮಕ್ಕಳು ಎದುರುಬದುರು ಕೂತು ಮನೆಗೆ ಶುಭ ಹಾರೈಸಿ ಚೌಪದಿ ಹೇಳುವುದು, ಮತ್ತೆ ಪ್ರಸಂಗದ ಒಂದು ತುಂಡು, ಅರ್ಥ ಸಮೇತ. ಮನೆಯವರು ಅಕ್ಕಿ, ಕಾಯಿ, ಕೈಲಾದ ಕಾಣಿಕೆ ಕೊಡುತ್ತಾರೆ. ನನ್ನ ವಯಸ್ಸಿನ ಎಷ್ಟೋ ಜನ ನಾಲ್ಕು ಜನರ ಎದುರು ಬಾಯಿ ಬಿಡಲು ಕಲಿತದ್ದು ಹೂವಿನಕೋಲು ಹಿಡಿದು. ಕೋಟದಲ್ಲಿ 1975ರಲ್ಲಿ ಶುರುವಾದ ಸಾಲಿಗ್ರಾಮ ಮಕ್ಕಳ ಮೇಳದವರು ಈ ಪದ್ಧತಿ ಬಿಟ್ಟುಹೋಗದಂತೆ ನೋಡಿಕೊಂಡದ್ದನ್ನು ಇಲ್ಲಿ ನೆನೆಯಲೇಬೇಕು.

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇನೆ.

1995ರ ಮಳೆಗಾಲ. ನಾನು ಹತ್ತನೇ ತರಗತಿ. ಹಿಂದಿನ ವರ್ಷ ಅಪ್ಪಯ್ಯ ಸಾಲ ಮಾಡಿ ಒಂದು ಹಾಲು ಕರೆಯುವ ದನ ತಂದಿದ್ದರು. ಕಾಲುಬಾಯಿ ಜ್ವರ ಬಂದು ದನ ಸತ್ತಿತು. ಹಾಲು ಹೋಯಿತು, ಸಾಲ ಉಳಿಯಿತು. ಆಗ ನಮ್ಮೂರಲ್ಲಿ ಸಂಘ ಇಲ್ಲ, ದನಕ್ಕೆ ವಿಮೆ ಉಂಟು ಎಂಬುದೂ ನಮಗೆ ಗೊತ್ತಿಲ್ಲ. ಸಾಲ ಕೊಟ್ಟವರು ವಾರಕ್ಕೊಮ್ಮೆ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಒಂದು ರಾತ್ರಿ ಅಮ್ಮನ ಹತ್ತಿರ ಅಪ್ಪಯ್ಯ ಮೆಲ್ಲಗೆ ಹೇಳಿದ್ದು ನನಗೆ ಕೇಳಿತು. ಮದ್ದಲೆ ಮಾರುವುದು ಎಂದು. ನಾನು ಆಗ ಏನು ಮಾಡಿದೆ ಎಂದು ಹೇಳಲು ನಾಚಿಕೆ ಆಗುತ್ತದೆ. ಎದ್ದು ಬಂದು, "ಮಾರಿ ಬಿಡಿ, ಅದ್ರಿಂದ ಯಾರ ಹೊಟ್ಟಿ ತುಂಬಿತ್?" ಎಂದೆ. ಅಪ್ಪಯ್ಯ ಉತ್ತರ ಕೊಡಲಿಲ್ಲ.

ಮುಂದಿನ ಶನಿವಾರ ಕೂಟಕ್ಕೆ ಬಂದವರಿಗೆ ಅವರು ವಿಷಯ ತಿಳಿಸಿದರು. "ಇವತ್ತೇ ಕಡಿ. ಬುಧವಾರ ತಕಂಡ್ ಹೋತ್ರ್" ಎಂದರು. ಹಾಡುತ್ತಿದ್ದವರು ಊರಿನ ದರ್ಜಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಯ್ಯ, ಮದ್ದಲೆ ಹೊರಗಿನರಿಗೆ ಮಾರುಕಾಗ. ಮಾರೂದೇ ಆರೆ ನಮ್ಗೇ ಮಾರಿ" ಎಂದರು. ಬೆಲೆ ಎಂಟು ನೂರು ರೂಪಾಯಿ ಎಂದು ಆಗಿತ್ತು. ಅಲ್ಲಿ ಇದ್ದವರು ಅಪ್ಪಯ್ಯನನ್ನು ಬಿಟ್ಟು ಹತ್ತು ಜನ. ತಲೆಗೆ 80 ರೂಪಾಯಿ. ಆಗಿನ ಕಾಲಕ್ಕೆ ಅವರಲ್ಲಿ ಯಾರಿಗೂ ಅದು ಸಣ್ಣ ಮೊತ್ತ ಅಲ್ಲ. ಒಬ್ಬರು ಮೂರು ಕಂತಿನಲ್ಲಿ ಕೊಟ್ಟರು. ಕೈರಂಪಣಿ ಬಲೆಗೆ ಹೋಗುವವರೊಬ್ಬರು ಮೀನು ಸಿಕ್ಕಿದ ದಿನ ತಂದುಕೊಟ್ಟರು. ಬುಧವಾರದೊಳಗೆ ಅರ್ಧ ಆಯಿತು, ಉಳಿದ ಅರ್ಧವನ್ನು ಮೇಷ್ಟ್ರು ಕೈಯಿಂದ ಹಾಕಿ ಮತ್ತೆ ವಸೂಲು ಮಾಡಿಕೊಂಡರು. ಸಾಲದವರಿಗೆ ಹಣ ಹೋಯಿತು. ಮದ್ದಲೆ ಮಾತ್ರ ನಮ್ಮ ಮನೆಯ ಅಟ್ಟದಲ್ಲೇ ಉಳಿಯಿತು. ಯಾರದ್ದು ಎಂದು ಕೇಳಿದರೆ ಹತ್ತು ಜನರದ್ದು. ಬಾರಿಸುವವರು ಅಪ್ಪಯ್ಯ.

ಇದನ್ನು ಅವರು ದಾನ ಎಂದು ಕೊಟ್ಟಿದ್ದರೆ ಅಪ್ಪಯ್ಯ ತೆಗೆದುಕೊಳ್ಳುತ್ತಿರಲಿಲ್ಲ. ಕೊಟ್ಟವರೂ ಮುಂದೆ ಎಂದಾದರೂ ಹಂಗಿಸುವ ಸಂಭವ ಇತ್ತು. ಆದರೆ ಇದು ಪಾಲು. ಪಾಲು ಅಂದ ಮೇಲೆ ಲೆಕ್ಕ ಬೇಕು ಎಂದು ಮೇಷ್ಟ್ರು ಶಾಲೆಯ ನೂರು ಪುಟದ ಒಂದು ಪುಸ್ತಕ ತಂದು ಅದರಲ್ಲಿ ಕಟ್ಟುಮಾಡು ಬರೆದರು. ಆ ಪುಸ್ತಕ ಇವತ್ತೂ ನನ್ನ ಹತ್ತಿರ ಉಂಟು. ಅದರಲ್ಲಿ ಹೀಗುಂಟು: ಪ್ರತಿಯೊಬ್ಬನಿಗೂ ಒಂದೇ ಪಾಲು, ದುಡ್ಡು ಇದ್ದವನಿಗೂ ಎರಡು ಇಲ್ಲ. ಹೂವಿನಕೋಲಿನಲ್ಲಿ ಬಂದ ಹಣದಲ್ಲಿ ಕಾಲು ಭಾಗ ಮುಚ್ಚಿಗೆ, ಬಾರಿನ ರಿಪೇರಿಗೆ ತೆಗೆದಿಟ್ಟು ಉಳಿದದ್ದು ಸಮನಾಗಿ ಹಂಚುವುದು. ಅಕ್ಕಿಯನ್ನು ಆ ವರ್ಷ ಯಾರ ಮನೆಯಲ್ಲಿ ಹೆಚ್ಚು ಕಷ್ಟವೋ ಆ ಮನೆಗೆ ಕೊಡುವುದು. ಮಾತು ಬಂದರೆ ಹತ್ತು ಜನ ಕೂತು ತೀರ್ಮಾನ ಮಾಡುವುದು. ವರ್ಷಕ್ಕೊಮ್ಮೆ ಲೆಕ್ಕ ಓದುವುದು.

ಬಂಧುಗಳೇ, ಇದನ್ನು ಕೇಳುವಾಗ ನಿಮಗೆ ನಮ್ಮ ಸಂಘದ ಬೈಲಾ ನೆನಪಾಗಲಿಲ್ಲವೇ? ಒಬ್ಬ ಸದಸ್ಯನಿಗೆ ಒಂದು ಮತ. ಲಾಭದಲ್ಲಿ ಒಂದು ಭಾಗ ಮೀಸಲು ನಿಧಿಗೆ. ವರ್ಷಕ್ಕೊಮ್ಮೆ ಮಹಾಸಭೆ. ಸಹಕಾರ ಅಂದರೆ ಸರಕಾರದವರು ಮೇಲಿನಿಂದ ಇಳಿಸಿದ್ದು ಎಂದು ನಾವು ಎಣಿಸುತ್ತೇವೆ. ಅದು ನಮ್ಮ ಜಗಲಿಯಲ್ಲೇ ಇತ್ತು. 25 ವರ್ಷದ ಹಿಂದೆ ಊರಲ್ಲಿ ಹಾಲಿನ ಸಂಘ ಮಾಡಬೇಕು ಎಂದು ಮೊದಲ ಸಭೆ ಕರೆದಾಗ ನಂಬಿ ಪಾಲು ಹಾಕಲು ಜನ ಹಿಂದೆ ಮುಂದೆ ನೋಡಿದರು. ಮುಂದೆ ಬಂದವರಲ್ಲಿ ಏಳು ಜನ ಈ ಮದ್ದಲೆಯ ಪಾಲುದಾರರು. "ಮದ್ದಲಿ ಲೆಕ್ಕದಲ್ಲಿ ಎಂಟಾಣಿ ತಪ್ಪಲಿಲ್ಲ, ಹಾಲಿನ ಲೆಕ್ಕ ತಪ್ಪತ್ತಾ?" ಎಂದು ದರ್ಜಿಯವರು ಸಭೆಯಲ್ಲಿ ಹೇಳಿದ್ದನ್ನು ಹಿರಿಯರು ನೆನಪಿಸಿಕೊಳ್ಳುತ್ತಾರೆ. ಮಹಾಸಭೆಯಲ್ಲಿ ಕೇಳಿದ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು. ಹಾಲಿನ ಸಂಘಕ್ಕೂ ಮದ್ದಲೆಗೂ ಸಂಬಂಧ ಉಂಟು. ಮದ್ದಲೆ ಸಂಘಕ್ಕಿಂತ ನಾಲ್ಕು ವರ್ಷ ಹಿರಿದು.

ಅವಿಭಜಿತ ದಕ್ಷಿಣ ಕನ್ನಡದ ಸಹಕಾರಿ ಪಿತಾಮಹ ಎನಿಸಿದ ಮೊಳಹಳ್ಳಿ ಶಿವರಾಯರನ್ನೂ ಇಲ್ಲಿ ನೆನೆಯಬೇಕು. ಅವರ ಹೆಸರಿನ ಮೊಳಹಳ್ಳಿ ನಮ್ಮ ಕುಂದಾಪುರ ತಾಲೂಕಿನ ಊರು. ಪುತ್ತೂರಿನಲ್ಲಿ 1909ರಲ್ಲಿ ಸಹಕಾರಿ ಸಂಘ ಕಟ್ಟಿದ ಅವರೇ ಮುಂದೆ ಕಾರಂತರ ಜೊತೆ ಸೇರಿ ಅಲ್ಲಿ ನಾಡಹಬ್ಬ ನಡೆಸಿದರು. ಸಾಲದ ಲೆಕ್ಕವೂ ಹಾಡಿನ ಕೂಟವೂ ಒಂದೇ ಮನುಷ್ಯನ ಕೈಯಲ್ಲಿ ನಡೆಯಬಹುದು ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ.

ಎಲ್ಲವೂ ಚೆಂದ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹತ್ತು ಪಾಲುದಾರರಲ್ಲಿ ಇಬ್ಬರು ನಮ್ಮ ಜಗಲಿ ಹತ್ತುತ್ತಿರಲಿಲ್ಲ. ಹತ್ತಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಹತ್ತಿ ಎಂದೂ ಹೇಳಲಿಲ್ಲ. ಅವರು ಸೂರಿನ ಅಂಚಿನಲ್ಲಿ ಕೂತು ಅರ್ಥ ಹೇಳುತ್ತಿದ್ದರು. ಮಳೆ ಜೋರಾದರೆ ಬೆನ್ನು ಒದ್ದೆ. ಪಾಲು ಬರೆದ ಮೇಲೆ ಮೇಷ್ಟ್ರು ಒಂದು ದಿನ, "ಲೆಕ್ಕದಲ್ಲಿ ಸಮ ಆದವರು ಕೂರುವಾಗಲೂ ಸಮ ಆಗಬೇಕಲ್ಲ" ಎಂದರು. ಅಪ್ಪಯ್ಯನಿಗೆ ತಟ್ಟಿತು. ಅವತ್ತೇ ಕರೆದು ಒಳಗೆ ಕೂರಿಸಿದರು. ಮನೆಯಲ್ಲಿ ಅಜ್ಜಿ ಒಂದು ವಾರ ಮಾತು ಬಿಟ್ಟರು. ಮತ್ತೆ ಸರಿಯಾಯಿತು. ಹಾಲಿನ ಸಂಘದ ಸಾಲಿನಲ್ಲಿ ಕ್ಯಾನು ಹಿಡಿದು ಯಾರು ಮೊದಲು ಬಂದರೋ ಅವರು ಮೊದಲು ಎಂಬುದು ನಮ್ಮೂರಲ್ಲಿ ಗಲಾಟೆ ಇಲ್ಲದೆ ನಡೆದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ನಂಬಿಕೆ.

ಹೆಂಗಸರ ವಿಷಯದಲ್ಲಿ ನಾವು ಇನ್ನೂ ತಡ ಮಾಡಿದೆವು. ಹಾಲು ಕರೆಯುವವರು ಅವರು, ಕೂಟಕ್ಕೆ ಚಾ ಮಾಡಿದವರು ಅವರು, ಮದ್ದಲೆ ಮುಟ್ಟಲು ಮಾತ್ರ ಬಿಡಲಿಲ್ಲ. ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ಭಾಗವತರಾಗಿ ಮೇಳದಲ್ಲೇ ದುಡಿದು ತೋರಿಸಿದ ಮೇಲೂ ನಮ್ಮ ಕೂಟದ ಕಣ್ಣು ತೆರೆಯಲು ವರ್ಷಗಳು ಬೇಕಾದವು. ಈಗ ಶನಿವಾರದ ಕಲಿಕೆಗೆ ಬರುವ ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು. ಲಯ ತಪ್ಪದೆ ಹಿಡಿಯುವವರೂ ಅವರೇ.

ನನ್ನ ಕಥೆ ಏನಾಯಿತು ಎಂದರೆ, ಎಸ್.ಎಸ್.ಎಲ್.ಸಿ. ಮುಗಿಸಿ ನಮ್ಮ ಕಡೆಯ ಎಲ್ಲ ಹುಡುಗರ ಹಾಗೆ ನಾನೂ ಬೆಂಗಳೂರಿಗೆ ಹೋಟೆಲ್ ಕೆಲಸಕ್ಕೆ ಹೋದೆ. ಎಂಟು ವರ್ಷ. ರಾತ್ರಿ ಹನ್ನೊಂದಕ್ಕೆ ಶಟರ್ ಎಳೆದ ಮೇಲೆ ನಮ್ಮೂರ ನಾಲ್ಕು ಜನ ಅಡಿಗೆಮನೆಯಲ್ಲಿ ಡಬ್ಬ ಬಡಿದು ಪದ್ಯ ಹೇಳುತ್ತಿದ್ದೆವು. ಹೊಟ್ಟೆ ತುಂಬಿದ್ದರೂ ಅದು ಬೇಕಾಗುತ್ತಿತ್ತು. ಅಪ್ಪಯ್ಯನಿಗೆ ನಾನು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಅಲ್ಲಿ ಸಿಕ್ಕಿತು. ಊರಿಗೆ ಬಂದ ಮೇಲೆ ಅವರ ಹತ್ತಿರ ತಪ್ಪಾಯಿತು ಎಂದು ಹೇಳಲು ಹೋದೆ. ಅವರು ಕೇಳಿಸಿಕೊಳ್ಳದವರ ಹಾಗೆ, "ಕೂಕೋ, ಏಕತಾಳದಿಂದ ಶುರು ಮಾಡ್ವ" ಎಂದರು. ನಾನು ದೊಡ್ಡ ಮದ್ದಲೆಗಾರ ಆಗಲಿಲ್ಲ. ಕೂಟ ನಿಲ್ಲದ ಹಾಗೆ ಬಾರಿಸುವಷ್ಟು ಕಲಿತೆ. ಅವರು ಹೋಗಿ ಈಗ ಹದಿನಾಲ್ಕು ವರ್ಷ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮೇಳಗಳು ತಿರುಗಾಟ ಮುಗಿಯುವ ಮೊದಲೇ ನಿಂತವು. ಮೇಳದ ದುಡಿಮೆಯನ್ನೇ ನಂಬಿದ ಕಲಾವಿದರು ಕೂಲಿಗೆ ಹೋದರು. ನಮ್ಮ ಕೂಟವೂ ನಿಂತಿತು. ಮೊಬೈಲಿನಲ್ಲಿ ಸೇರಿ ಹಾಡುವ ಎಂದು ಹುಡುಗರು ಏರ್ಪಾಡು ಮಾಡಿದರು. ಭಾಗವತರು ಅವರ ಮನೆಯಲ್ಲಿ, ನಾನು ನಮ್ಮ ಮನೆಯಲ್ಲಿ. ಆಗಲಿಲ್ಲ. ನನ್ನ ಪೆಟ್ಟು ಅವರಿಗೆ ಒಂದು ಗಳಿಗೆ ತಡವಾಗಿ ಕೇಳುತ್ತಿತ್ತು, ಅವರು ನನಗೆ ಕಾದರೆ ನಾನು ಅವರಿಗೆ ಕಾಯುವುದು. ಮೀಟಿಂಗ್ ಮೊಬೈಲಿನಲ್ಲಿ ಆಗುತ್ತದೆ, ತಾಳ ಆಗುವುದಿಲ್ಲ. ಒಂದೇ ಸೂರಿನಡಿ, ಒಬ್ಬರ ಉಸಿರು ಒಬ್ಬರಿಗೆ ಕೇಳುವ ಹಾಗೆ ಕೂತರೆ ಮಾತ್ರ ಕೂಟ. ಆ ಮಳೆಗಾಲದಲ್ಲಿ ನಾವು ಒಂದೇ ಕೆಲಸ ಮಾಡಿದೆವು. ಪುಸ್ತಕದ ಕಟ್ಟುಮಾಡಿನಂತೆ ರಿಪೇರಿ ಗಂಟಿನಲ್ಲಿ ಉಳಿದ ಹಣ ತೆಗೆದು ಪಕ್ಕದೂರಿನ ಒಬ್ಬ ಚಂಡೆಯವರ ಮನೆಗೆ ಅಕ್ಕಿ ಹಾಕಿದೆವು. ಬಿಡುವು ಆದ ಮೇಲೆ ಅವರು ತಾವಾಗಿ ಬಂದು ನಮ್ಮ ಮಕ್ಕಳಿಗೆ ಒಂದು ವರ್ಷ ಪಾಠ ಹೇಳಿದರು. ಸಂಬಳ ಕೊಡಲು ಹೋದರೆ, "ಅಕ್ಕಿ ಪಾಲು ತೀರ್ಲಿ ಕಾಣಿ" ಎಂದು ನಕ್ಕರು.

ಈಗಿನ ಸ್ಥಿತಿ ಹೇಳಿ ಮುಗಿಸುತ್ತೇನೆ. ಹತ್ತು ಪಾಲುದಾರರಲ್ಲಿ ಉಳಿದವರು ಮೂವರು. ದರ್ಜಿಯವರಿಗೆ ಕಣ್ಣು ಕಾಣುವುದಿಲ್ಲ, ಆದರೂ ಶನಿವಾರ ಮೊಮ್ಮಗನ ಕೈ ಹಿಡಿದು ಬರುತ್ತಾರೆ. ಹುಡುಗರು ಬೆಂಗಳೂರು, ದುಬೈ ಎಂದು ಹೋಗಿದ್ದಾರೆ. ಹೋಗಬೇಕಾದದ್ದೇ, ನಾನೂ ಹೋದವನು. ಹೀಗೇ ಬಿಟ್ಟರೆ ಐದು ವರ್ಷದಲ್ಲಿ ಕೂಟ ಇರುವುದಿಲ್ಲ. ಮದ್ದಲೆ ಯಾರದೋ ಮನೆಯ ಶೋಕೇಸಿನಲ್ಲಿ ಕೂರುತ್ತದೆ.

ಮಹಾಸಭೆಯಲ್ಲಿ ಕೇಳಿದ್ದು, ಹಾಲಿನ ದುಡ್ಡು ಹಾಡಿಗೆ ಎಂತಕ್ಕೆ ಎಂದು. ನಾನು ಸಂಘದ ಒಂದು ಪೈಸೆ ಕೇಳುವುದಿಲ್ಲ. ಲಾಭ ಹೇಗೆ ಹಂಚಬೇಕು ಎಂಬುದಕ್ಕೆ ಬೈಲಾ ಉಂಟು, ಆಡಿಟ್ ಉಂಟು. ನಾನು ಕೇಳುವುದು ಮೂರು. ಒಂದು, ಹಾಲು ಅಳೆಯುವ ಕೆಲಸ ಮುಗಿದ ಮೇಲೆ ಶನಿವಾರ ರಾತ್ರಿ ಎಂಟರಿಂದ ಹತ್ತರವರೆಗೆ ಈ ಕೋಣೆಯ ಬೀಗ ತೆರೆದಿರಲಿ. ಕರೆಂಟಿನ ಬಿಲ್ಲು ಕೂಟದವರು ಕೊಡುತ್ತೇವೆ, ನೆಲ ತೊಳೆದು ಹೋಗುತ್ತೇವೆ. ಎರಡು, ಹಾಲು ಹಾಕುವ ಪ್ರತಿ ಮನೆಯಿಂದ ಒಂದು ಮಗುವನ್ನು ಒಂದು ವರ್ಷದ ಮಟ್ಟಿಗೆ ಕಳಿಸಿ. ಮಾಣಿಯೋ ಹೆಣ್ಣೋ, ಯಾರಾದರೂ ಆದೀತು. ಕಲಿಯದಿದ್ದರೆ ಕೇಳುವುದನ್ನಾದರೂ ಕಲಿಯುತ್ತದೆ.

ಮೂರನೆಯದು ನನ್ನ ಕಡೆಯಿಂದ. ಈ ಮದ್ದಲೆ ಮೂವತ್ತು ವರ್ಷ ನಮ್ಮ ಮನೆಯ ಅಟ್ಟದಲ್ಲಿತ್ತು. ನಮ್ಮ ಮನೆಯದ್ದು ಎಂದು ನನ್ನ ಮಕ್ಕಳು ತಿಳಿದಿದ್ದಾರೆ. ಅಲ್ಲ. ಉಳಿದ ಮೂವರು ಪಾಲುದಾರರನ್ನು, ತೀರಿಹೋದವರ ಮನೆಯವರನ್ನು ಕೇಳಿ ಒಪ್ಪಿಗೆ ಪಡೆದಿದ್ದೇನೆ. ಇವತ್ತು ಅದನ್ನು ಇಲ್ಲಿಗೆ ತಂದಿದ್ದೇನೆ, ಇನ್ನು ಇದು ಇಲ್ಲೇ ಇರುತ್ತದೆ. ಪುಸ್ತಕದಲ್ಲಿ ಹೊಸ ಪುಟ ತೆರೆದಿದ್ದೇವೆ. ಪಾಲಿಗೆ ನೂರು ರೂಪಾಯಿ, ತಲೆಗೆ ಒಂದೇ ಪಾಲು, ಕಂತಿನಲ್ಲಿಯೂ ಕೊಡಬಹುದು. ನಮ್ಮ ಅಪ್ಪಯ್ಯನ ಹೆಸರನ್ನು ಮದ್ದಲೆಯ ಮೇಲೆ ಬರೆಸುವ ಎಂದು ಕೆಲವು ಮಿತ್ರರು ಹೇಳಿದರು. ಬೇಡ. 1995ರಲ್ಲಿ ಹಣ ತೆಗೆದುಕೊಂಡ ದಿನವೇ ಅವರು ಅದರ ಹಕ್ಕು ಬಿಟ್ಟಿದ್ದಾರೆ. ಬರೆಸುವುದಾದರೆ ಪುಸ್ತಕದಲ್ಲಿ ನಿಮ್ಮ ಹೆಸರು ಬರೆಸಿ.

ಸಭೆ ಮುಗಿದ ಮೇಲೆ ಊಟ ಉಂಟು. ಊಟದ ಮೇಲೆ ಭಾಗವತರು ಶ್ರುತಿ ಹಿಡಿಯುತ್ತಾರೆ, ಆ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳು ಇದೇ ಮದ್ದಲೆ ಬಾರಿಸುತ್ತಾಳೆ. ಮೊದಲ ಎರಡು ಪದ್ಯಕ್ಕೆ ಕೈ ಬಿಸಿ ಆಗಿರುವುದಿಲ್ಲ. ಎದ್ದು ಹೋಗಬೇಡಿ, ಮೂರನೆಯ ಪದ್ಯದವರೆಗೆ ಕೂತಿರಿ.